ಬಯಾಪ್ಸಿ ರಿಪೋರ್ಟಿನಲ್ಲಿ 'ಗೆಡ್ಡೆಯೊಳಗೆ ಲಿಂಫೋಸೈಟ್ ಜಾಸ್ತಿ' ಅಂತಿದೆ, ಅಪ್ಪನಿಗೆ ಕ್ಯಾನ್ಸರ್ ಹರಡಿದೆಯಾ?

ಆ ಸಾಲಿನ ಅರ್ಥ ಹರಡಿದೆ ಅಂತಲ್ಲ. ನಿಮ್ಮ ತಂದೆಯ ಮೂತ್ರಕೋಶದ ಗೆಡ್ಡೆಯೊಳಗೆ ದೇಹದ ರಕ್ಷಣೆಯ ಬಿಳಿ ರಕ್ತಕಣಗಳು ನುಗ್ಗಿವೆ, ಅಷ್ಟೇ. ನಮ್ಮ ಮಾವನ ರಿಪೋರ್ಟಿನಲ್ಲೂ ಇದೇ ಇತ್ತು. ಒಳ್ಳೆಯದಾ ಕೆಟ್ಟದ್ದಾ ಅನ್ನುವುದು ಯಾವ ಕಣ ಅನ್ನುವುದರ ಮೇಲಿದೆ. ಲಿಂಫೋಸೈಟ್‌ಗಳಲ್ಲೇ ಒಂದು ಬಗೆಯಾದ ಟಿ ಕಣಗಳು ಕ್ಯಾನ್ಸರನ್ನು ಕೊಲ್ಲಬಲ್ಲವು. ಮ್ಯಾಕ್ರೋಫೇಜ್ ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಕೆಲವೊಮ್ಮೆ ಗೆಡ್ಡೆಗೇ ಸಹಾಯ ಮಾಡುತ್ತವೆ. ಹಾಗಾಗಿ ಆ ಒಂದು ಸಾಲು ನೋಡಿ ಮುಂದೇನು ಅಂತ ಡಾಕ್ಟರಿಗೂ ಹೇಳಲು ಆಗುವುದಿಲ್ಲ.

ಮೊದಲು ನೋಡಬೇಕಾದ್ದು ಮೂತ್ರಕೋಶದ ಗೋಡೆಯ ಸ್ನಾಯು. ತೆಗೆದ ತುಣುಕಿನಲ್ಲಿ ಸ್ನಾಯು ಸಿಕ್ಕಿದೆಯಾ, ಗೆಡ್ಡೆ ಅದಕ್ಕೆ ಇಳಿದಿದೆಯಾ? ಸ್ನಾಯುವೇ ಇಲ್ಲದಿದ್ದರೆ 2ರಿಂದ 6 ವಾರದೊಳಗೆ ಇನ್ನೊಮ್ಮೆ ಕೆರೆದು ತೆಗೆಯಬೇಕಾಗಬಹುದು. ಇದನ್ನು ಕೇಳದೆ ಬಿಡಬೇಡಿ.

ಆಮೇಲೆ ಗ್ರೇಡ್, ಅಂದರೆ ಕ್ಯಾನ್ಸರ್ ಕಣಗಳು ಎಷ್ಟು ಉಗ್ರ ಅನ್ನುವುದು. ಹೈ ಗ್ರೇಡ್ ಇದ್ದು ಸ್ನಾಯುವಿಗೆ ಇಳಿದಿಲ್ಲ ಅಂದರೆ ಬಿಸಿಜಿ ಹೇಳಬಹುದು. ವಾರಕ್ಕೊಂದರಂತೆ 6 ಸಲ ಮೂತ್ರಕೋಶದೊಳಕ್ಕೆ ಬಿಡುತ್ತಾರೆ. ಮಕ್ಕಳಿಗೆ ಹಾಕುವ ಕ್ಷಯದ ಲಸಿಕೆಯ ಬ್ಯಾಕ್ಟೀರಿಯಾನೇ ಅದು. ಇದೇ ರಕ್ಷಣಾ ಕಣಗಳನ್ನು ಇನ್ನಷ್ಟು ಅಲ್ಲಿಗೆ ಕರೆಸುವುದು ಅದರ ಕೆಲಸ. ಜ್ವರ ಅಥವಾ ಮೂತ್ರದಲ್ಲಿ ರಕ್ತ ಇದ್ದರೆ ಮೊದಲೇ ಹೇಳಿ, ಆ ದಿನ ಹಾಕುವುದಿಲ್ಲ.

ಉಡುಪಿಯಿಂದ ಮಣಿಪಾಲಕ್ಕೋ ಮಂಗಳೂರಿಗೋ ಇನ್ನೊಬ್ಬರ ಅಭಿಪ್ರಾಯಕ್ಕೆ ಹೋಗುವುದಾದರೆ ಸುಮ್ನೆ ರಿಪೋರ್ಟ್ ಹಿಡಿದು ಹೋಗಬೇಡಿ. ಲ್ಯಾಬಿನಲ್ಲಿ ಗಾಜಿನ ಸ್ಲೈಡ್ ಮತ್ತು ಬಯಾಪ್ಸಿ ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್ ಕೇಳಿ ತೆಗೆದುಕೊಳ್ಳಿ. ಬ್ಲಾಕ್ ಸಣ್ಣ ಪ್ಲಾಸ್ಟಿಕ್ ಕ್ಯಾಸೆಟ್ಟಿನಲ್ಲಿರುತ್ತದೆ, ಬಿಸಿಲಲ್ಲಿ ನಿಂತ ಕಾರಿನೊಳಗೆ ಇಡಬೇಡಿ.