ಕಂಪ್ಯೂಟರ್ ಕಟ್ಟೆ: ‘ಯೆಸ್’ ಒತ್ತಿ ಒತ್ತಿ ಸಾಕಾಗಿದೆ!

ಪ್ರಶ್ನೆ: ಬೇಲೂರಿನಲ್ಲಿ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ಅರ್ಜಿ ತುಂಬೋದು, ಪ್ರಿಂಟ್, ಫೋಟೋ ಎಲ್ಲಾ ಒಂದೇ ಕಂಪ್ಯೂಟರಿನಲ್ಲಿ, ವಿಂಡೋಸ್ 11. ದಿನಕ್ಕೆ ಹತ್ತು ಸಲ ಸ್ಕ್ರೀನ್ ಮಂಕಾಗಿ ‘ಈ ಆ್ಯಪ್‌ಗೆ ಬದಲಾವಣೆ ಮಾಡಲು ಬಿಡಬೇಕಾ’ ಎಂದು ಕೇಳುತ್ತದೆ. ನಿಂತ ಗಿರಾಕಿಗಳು ಗೊಣಗುತ್ತಾರೆ. ಅಂಗಡಿ ಹುಡುಗ ‘ಆಫ್ ಮಾಡಿಬಿಡೋಣ ಅಣ್ಣ’ ಅಂತಾನೆ. ಮಾಡಬಹುದಾ?

ಉತ್ತರ: ಬೇಡ. ಆದರೆ ಹುಡುಗನ ಮೇಲೆ ರೇಗಬೇಡಿ, ಅವನ ಸಿಟ್ಟು ನ್ಯಾಯವಾದದ್ದೇ. ಮಲೆನಾಡಿನ ತೋಟದ ಉಣುಗೋಲು ನೋಡಿದ್ದೀರಲ್ವಾ? ಗಳ ಭಾರವಾಗಿದ್ದರೆ, ದಿನಾ ಓಡಾಡುವವರು ಒಂದು ವಾರ ಸರಿಸಿ ಮತ್ತೆ ಹಾಕುತ್ತಾರೆ, ಆಮೇಲೆ ಬೇಲಿಗೆ ಒರಗಿಸಿ ಹೋಗಿಬಿಡುತ್ತಾರೆ. ದನ ಸೀದಾ ಒಳಗೆ. ವಿಂಡೋಸ್ ಕಥೆಯೂ ಹೀಗೇ ಆಯಿತು. 2001ರ ಎಕ್ಸ್‌ಪಿಯಲ್ಲಿ ಮನೆ ಕಂಪ್ಯೂಟರ್ ಮುಂದೆ ಕೂತವರೆಲ್ಲ ಸಾಮಾನ್ಯವಾಗಿ ಅಡ್ಮಿನ್. ಏನು ಬೇಕಾದರೂ ಹಾಕಬಹುದು, ಅಳಿಸಬಹುದು. ನಮಗೂ ಹಾಯಾಗಿತ್ತು, ವೈರಸ್‌ಗೂ ಹಾಯಾಗಿತ್ತು. 2007ರಲ್ಲಿ ವಿಸ್ತಾ ಬಂದಾಗ ಈ ಕೇಳುವ ಬಾಕ್ಸ್ ಬಂತು, ಯುಎಸಿ ಅಂತ ಅದರ ಹೆಸರು. ಅದು ಎಷ್ಟು ಪೀಡಿಸುತ್ತಿತ್ತು ಅಂದರೆ ಆ್ಯಪಲ್ ಅದನ್ನೇ ಆಡಿಕೊಂಡು ಒಂದು ಜಾಹೀರಾತು ಮಾಡಿತು. ಜನ ಓದದೆ ಒತ್ತಿದರು, ಇಲ್ಲವೇ ಆಫ್ ಮಾಡಿದರು. 2009ರ ವಿಂಡೋಸ್ 7ರಲ್ಲಿ ಕೇಳೋದನ್ನ ಕಡಿಮೆ ಮಾಡಿ, ನಾಲ್ಕು ಹಂತದ ಸ್ಲೈಡರ್ ಕೊಟ್ಟರು. ನಿಮ್ಮ 11ರಲ್ಲೂ ಅದು ಇದೆ. ಮೇಲಿಂದ ಎರಡನೇ ಹಂತದಲ್ಲಿರುತ್ತದೆ, ಅಲ್ಲೇ ಇರಲಿ.

ಸ್ಕ್ರೀನ್ ಮಂಕಾಗೋದು ಸುಮ್ನೆ ಅಲ್ಲ. ಆ ಬಾಕ್ಸ್ ಬರುವುದು ಬೇರೆಯದೇ ಪರದೆಯ ಮೇಲೆ. ಕಳ್ಳ ಪ್ರೋಗ್ರಾಂ ಒಂದು ನಿಮ್ಮ ಹೆಸರಲ್ಲಿ ತಾನೇ ‘ಯೆಸ್’ ಒತ್ತಿಕೊಳ್ಳಬಾರದಲ್ಲ, ಅದಕ್ಕೆ.

ನನಗೆ ಅನುಮಾನ ಇರುವುದು ಬೇರೆ ಕಡೆ. ಪ್ರಿಂಟ್ ಕೊಡೋದಕ್ಕೆ, ಬ್ರೌಸರ್ ತೆಗೆಯೋದಕ್ಕೆ ವಿಂಡೋಸ್ ಹೀಗೆ ಕೇಳುವುದೇ ಇಲ್ಲ. ದಿನಕ್ಕೆ ಹತ್ತು ಸಲ ಅಂದರೆ ಯಾವುದೋ ಹಳೇ ಸಾಫ್ಟ್‌ವೇರ್, ಎಲ್ಲರೂ ಅಡ್ಮಿನ್ ಆಗಿದ್ದ ಕಾಲದಲ್ಲಿ ಬರೆದದ್ದು, ತೆರೆದಾಗಲೆಲ್ಲ ಅದೇ ಹಕ್ಕು ಕೇಳುತ್ತಿರಬೇಕು. ಬಾಕ್ಸಿನಲ್ಲಿ ಅದರ ಹೆಸರು ಇರುತ್ತದೆ. ಎರಡು ದಿನ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಅದರ ಹೊಸ ವರ್ಷನ್ ಹಾಕಿಸಿ. ಕಾಟ ಕಡಿಮೆಯಾದರೆ, ಅಪರೂಪಕ್ಕೆ ಬಾಕ್ಸ್ ಬಂದಾಗ ನೀವೂ ಓದುತ್ತೀರಿ.

ಓದಿದರೆ ಏನಾಗುತ್ತದೆ ಅಂತ ಹಾಸನದಲ್ಲಿ ಪರಿಚಯದವರ ಅಂಗಡಿಯಲ್ಲಿ ಕಣ್ಣಾರೆ ನೋಡಿದ್ದೇನೆ. ಗಿರಾಕಿಯ ಪೆನ್‌ಡ್ರೈವ್‌ನಲ್ಲಿ ‘ಲಗ್ನಪತ್ರಿಕೆ.ಪಿಡಿಎಫ್’ ಅಂತ ಒಂದು ಫೈಲ್. ಒತ್ತಿದ ತಕ್ಷಣ ಸ್ಕ್ರೀನ್ ಮಂಕು. ಲಗ್ನಪತ್ರಿಕೆ ನೋಡೋಕೆ ಅಡ್ಮಿನ್ ಯಾಕೆ ಬೇಕು? ಅವರು ‘ನೋ’ ಒತ್ತಿ, ಪೂರ್ತಿ ಹೆಸರು ತೆಗೆದು ನೋಡಿದರೆ ಕೊನೆಯಲ್ಲಿ ‘.ಇಎಕ್ಸ್‌ಇ’ ಇತ್ತು. ಅಂದರೆ ಅದು ಓದುವ ಫೈಲ್ ಅಲ್ಲ, ಒತ್ತಿದರೆ ಓಡುವ ಪ್ರೋಗ್ರಾಂ. ಆ ಬಾಲವನ್ನು ವಿಂಡೋಸ್ ತಾನೇ ಬಚ್ಚಿಡುತ್ತದೆ, ನೋಡೋಕೆ ಚೊಕ್ಕ ಇರಲಿ ಅಂತ. 2000ನೇ ಇಸವಿ ಮೇ ತಿಂಗಳಲ್ಲಿ ‘ಐ ಲವ್ ಯೂ’ ವೈರಸ್ ಇದೇ ಸಂದಿಯಲ್ಲಿ ನುಗ್ಗಿತ್ತು. ಪ್ರೇಮಪತ್ರದ ಟೆಕ್ಸ್ಟ್ ಫೈಲ್ ಥರ ಕಾಣುತ್ತಿತ್ತು, ಬಾಲದಲ್ಲಿ ‘.ವಿಬಿಎಸ್’, ಅದೂ ಪ್ರೋಗ್ರಾಂ. ಇಷ್ಟು ವರ್ಷವಾದರೂ ಬಾಲ ಬಚ್ಚಿಡೋ ಅಭ್ಯಾಸ ಬಿಟ್ಟಿಲ್ಲ, ಯಾಕೋ ನನಗಂತೂ ಅರ್ಥವಾಗಿಲ್ಲ. ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ‘ವ್ಯೂ’, ಅದರಲ್ಲಿ ‘ಶೋ’, ಅಲ್ಲಿ ‘ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್’ ಮೇಲೆ ಟಿಕ್ ಹಾಕಿ. ಇವತ್ತೇ ಹಾಕಿ.

ಇನ್ನೊಂದು. ಹುಡುಗನಿಗೆ ಬೇರೆ ‘ಸ್ಟ್ಯಾಂಡರ್ಡ್’ ಅಕೌಂಟ್ ಮಾಡಿಕೊಡಿ. ಆಗ ಬರೀ ‘ಯೆಸ್’ ಸಾಲದು, ನಿಮ್ಮ ಪಾಸ್‌ವರ್ಡ್ ಬೇಕು. ನೀವು ಊಟಕ್ಕೆ ಹೋದಾಗ ಪ್ರಿಂಟರ್ ಡ್ರೈವರ್ ಹಾಕಬೇಕಾಗಿ ಬಂದರೆ ಅವನು ಫೋನ್ ಮಾಡಬೇಕು. ಆ ತಾಪತ್ರಯ ಇದ್ದೇ ಇದೆ, ಇಲ್ಲ ಅನ್ನುವುದಿಲ್ಲ.

ಪ್ರಶ್ನೆ: ನಮ್ಮ ಆಫೀಸಿನಲ್ಲಿ ತಿಂಗಳಿಗೊಮ್ಮೆ ಪಾಸ್‌ವರ್ಡ್ ಬದಲಿಸಲೇಬೇಕು. ನಿಜವಾಗಲೂ ಉಪಯೋಗ ಇದೆಯಾ? (ಕಡೂರಿನಿಂದ)

ಉತ್ತರ: ಈ ತಿಂಗಳು ‘ಮುಳ್ಳಯ್ಯನಗಿರಿ@6’, ಮುಂದಿನ ತಿಂಗಳು ‘ಮುಳ್ಳಯ್ಯನಗಿರಿ@7’, ಹೌದು ತಾನೇ? ಅದೂ ಕೀಬೋರ್ಡ್ ಕೆಳಗೆ ಚೀಟಿಯಲ್ಲಿ. ಒಂದು ಸಿಕ್ಕಿದವನಿಗೆ ಮುಂದಿನದ್ದೂ ಗೊತ್ತು. ಅಮೆರಿಕದಲ್ಲಿ ಇಂಥ ನಿಯಮ ಬರೆಯುವ ಸರ್ಕಾರಿ ಸಂಸ್ಥೆ ಎನ್‌ಐಎಸ್‌ಟಿಯೇ 2017ರಲ್ಲಿ ‘ಸೋರಿಕೆಯಾದ ಸುಳಿವು ಇಲ್ಲದೆ ಬಲವಂತವಾಗಿ ಬದಲಿಸಬೇಡಿ’ ಎಂಬ ಅರ್ಥದ ಸಲಹೆ ಕೊಟ್ಟಿತು. ಒಂದು ಉದ್ದದ ಪಾಸ್‌ವರ್ಡ್, ಸಂಬಂಧವಿಲ್ಲದ ನಾಲ್ಕು ಪದ ಸೇರಿಸಿದ್ದು, ಬೇರೆಲ್ಲೂ ಬಳಸದ್ದು ಸಾಕು. ನಿಮ್ಮ ಸಾಹೇಬರಿಗೆ ಈ ಪುಟ ತೋರಿಸಿ. ಒಪ್ಪುತ್ತಾರೆ ಅಂತ ಗ್ಯಾರಂಟಿ ಕೊಡಲಾರೆ.

ಪ್ರಶ್ನೆ: ಲ್ಯಾಪ್‌ಟಾಪ್ ದೊಡ್ಡ ಪಾಸ್‌ವರ್ಡ್ ಬಿಟ್ಟು ಪಿನ್ ಇಡಿ ಅನ್ನುತ್ತದೆ. ಚಿಕ್ಕದು ಹೇಗೆ ಜಾಸ್ತಿ ಭದ್ರ? (ಮೂಡಿಗೆರೆಯಿಂದ)

ಉತ್ತರ: ಮೈಕ್ರೋಸಾಫ್ಟ್ ಅಕೌಂಟಿನ ಪಾಸ್‌ವರ್ಡ್ ಕದ್ದವನು ಯಾವ ದೇಶದಲ್ಲಿ ಕೂತಾದರೂ ಲಾಗಿನ್ ಆಗಲು ನೋಡಬಹುದು. ಪಿನ್ ನಡೆಯುವುದು ನಿಮ್ಮ ಆ ಒಂದು ಲ್ಯಾಪ್‌ಟಾಪಿನಲ್ಲಿ ಮಾತ್ರ. ಒಳಗೆ ಟಿಪಿಎಂ ಅನ್ನುವ ಭದ್ರತೆಯ ಚಿಪ್ ಇದ್ದರೆ, ತಪ್ಪು ಪಿನ್ ಪದೇ ಪದೇ ಒತ್ತಿದಾಗ ಅದು ತಡೆದುಬಿಡುತ್ತದೆ. ಹಾಗಾಗಿ ಧೈರ್ಯವಾಗಿ ಇಡಿ. ಹುಟ್ಟಿದ ಇಸವಿ ಮಾತ್ರ ಬೇಡ, ಅದು ಮನೆಯವರಿಗೆಲ್ಲ ಗೊತ್ತು.