ಹಿತ್ತಲಲ್ಲಿ ಬಾತುಕೋಳಿ ಸಾಕಲು ಕೊಳ ಬೇಕೇ ಬೇಕಾ?

ನೀವು ಕೇಳಿರುವುದು ಇಷ್ಟು: ಊರಲ್ಲಿ ಹತ್ತು ಗುಂಟೆ ಹಿತ್ತಲಿದೆ, ಕೆರೆ-ಕೊಳ ಯಾವುದೂ ಇಲ್ಲ, ಮನೆಮಟ್ಟಿಗೆ ಆರೇಳು ಬಾತುಕೋಳಿ ಸಾಕಬಹುದಾ, ಕೆಲಸ ಜಾಸ್ತಿ ಆಗುತ್ತದಾ? ಸಾಕಬಹುದು. ಕೊಳ ಬೇಡ. ಆದರೆ ದಿನಾ ಸಂಜೆ ಆರು ಗಂಟೆಗೆ ಮನೆಯಲ್ಲಿ ಯಾರಾದರೂ ಇರುತ್ತೀರಾ? ನಾನಾದರೆ ಮೊದಲು ಇದನ್ನು ಕೇಳುತ್ತೇನೆ.

ನಮ್ಮದು ತೀರ್ಥಹಳ್ಳಿ ಕಡೆ. ಸ್ವಲ್ಪ ಅಡಿಕೆ ತೋಟ, ಊಟಕ್ಕಾಗುವಷ್ಟು ಗದ್ದೆ, ಎರಡು ಹಸು. ಮನೆಯಲ್ಲಿ ನಾನು, ನನ್ನ ಗಂಡ, ಅತ್ತೆ, ಇಬ್ಬರು ಮಕ್ಕಳು. ಬಾತುಕೋಳಿ ಬಂದು ಆರು ವರ್ಷವಾಯಿತು. ತಂದಿದ್ದು ಮೊಟ್ಟೆಗಲ್ಲ, ಬಸವನಹುಳುವಿನ ಕಾಟಕ್ಕೆ. ಮಳೆ ಹಿಡಿದರೆ ಸಾಕು, ಅಡಿಕೆ ಸಸಿ, ಬಾಳೆ, ತರಕಾರಿ ಪಾತಿ ಯಾವುದನ್ನೂ ಬಿಡುತ್ತಿರಲಿಲ್ಲ. ರಾತ್ರಿ ಬ್ಯಾಟರಿ ಹಿಡಿದು ಹೆಕ್ಕಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದೇ ಒಂದು ಕೆಲಸವಾಗಿತ್ತು. ಬಾತುಗಳು ಚಿಕ್ಕ ಹುಳುವನ್ನು ಚಿಪ್ಪಿನ ಸಮೇತ ನುಂಗುತ್ತವೆ. ಮುಷ್ಟಿ ಗಾತ್ರದ ಆಫ್ರಿಕನ್ ಬಸವನಹುಳು ಮಾತ್ರ ಅವುಗಳ ಗಂಟಲಿಗೆ ಇಳಿಯುವುದಿಲ್ಲ, ಅದನ್ನು ಈಗಲೂ ನಾವೇ ಹೆಕ್ಕುತ್ತೇವೆ. ಇನ್ನೊಂದು, ಬಾತುಕೋಳಿ ಕೋಳಿಯ ಹಾಗೆ ಮಣ್ಣು ಕೆದಕುವುದಿಲ್ಲ ಎಂದು ಹೇಳುತ್ತಾರಲ್ವಾ, ಅದು ನಿಜ. ಆದರೆ ಹರಿವೆ ಮಡಿಗೆ ಬೇಲಿ ಇಲ್ಲದಿದ್ದರೆ ಹುಳು ಮುಗಿಸಿ ಹರಿವೆಯನ್ನೂ ಮುಗಿಸುತ್ತವೆ. ಉಳಿದದ್ದನ್ನು ತುಳಿದು ಚಪ್ಪಟೆ ಮಾಡುತ್ತವೆ.

ನೀರಿನ ವಿಷಯ. ಈಜುವುದು ಅವುಗಳಿಗೆ ಖುಷಿ, ಆದರೆ ಅದಿಲ್ಲದೆಯೂ ಬದುಕುತ್ತವೆ. ಬೇಕೇ ಬೇಕಾದದ್ದು ತಲೆ ಪೂರ್ತಿ ಮುಳುಗುವಷ್ಟು ನೀರು, ಐದಾರು ಇಂಚು ಆಳ ಸಾಕು. ಮೂಗು, ಕಣ್ಣು ತೊಳೆದುಕೊಳ್ಳಲು ಆಗದಿದ್ದರೆ ಮಣ್ಣು ಮೆತ್ತಿ ಕಣ್ಣು ಕೆಡುತ್ತದೆ. ತಿನ್ನುವಾಗಲೂ ಪಕ್ಕದಲ್ಲೇ ನೀರಿರಬೇಕು, ಇಲ್ಲದಿದ್ದರೆ ಒಣ ಹಿಟ್ಟು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನಾವು ಹಳೆಯ ಪ್ಲಾಸ್ಟಿಕ್ ಡ್ರಮ್ ಒಂದನ್ನು ಉದ್ದಕ್ಕೆ ಸೀಳಿ ಎರಡು ತೊಟ್ಟಿ ಮಾಡಿದ್ದೇವೆ. ಬೆಳಿಗ್ಗೆ ತಿಳಿನೀರು ತುಂಬಿದರೆ ಹತ್ತು ಗಂಟೆಗೆ ಹೂಟಿ ಮಾಡಿದ ಗದ್ದೆಯ ನೀರಿನ ಹಾಗೆ ಆಗಿರುತ್ತದೆ. ಅದನ್ನು ಬಾಳೆ ಬುಡಕ್ಕೆ ಮಗುಚುತ್ತೇವೆ. ಆ ಮೂಲೆಯಲ್ಲಿ ಬರುವಂಥ ಗೊನೆ ಬೇರೆಲ್ಲೂ ಬರುವುದಿಲ್ಲ.

ಆದರೆ ಕೆಸರು! ಇದನ್ನು ನಮಗೆ ಯಾರೂ ಹೇಳಿರಲಿಲ್ಲ. ತೊಟ್ಟಿ ಇಟ್ಟ ಜಾಗದ ಸುತ್ತ ನಾಲ್ಕು ಮಾರು ಪೂರ್ತಿ ರಾಡಿ. ಮೊದಲ ವರ್ಷ ಬಚ್ಚಲು ಬಾಗಿಲ ಹತ್ತಿರ ಇಟ್ಟು ಬುದ್ಧಿ ಬಂತು. ತೊಟ್ಟಿಯನ್ನು ಮನೆಯಿಂದ ದೂರ, ಇಳಿಜಾರಿನಲ್ಲಿಡಿ. ಗೂಡಿನೊಳಗೆ ಬತ್ತದ ಹೊಟ್ಟು ಅಥವಾ ಒಣಗಿದ ದರಗು ದಪ್ಪಗೆ ಹಾಸಿ, ಒದ್ದೆಯಾದಂತೆ ಮೇಲೆ ಮತ್ತಷ್ಟು ಹಾಕುತ್ತಾ ಹೋಗಿ. ಒದ್ದೆ ಹಾಸಿನ ವಾಸನೆ ತುಂಬಾ ಕೆಟ್ಟದು, ಸುಳ್ಳು ಹೇಳುವುದಿಲ್ಲ.

ಮರಿ ತಂದರೆ ಒಂದು ಎಚ್ಚರ. ನೀರುಕೋಳಿ ಮರಿ, ನೀರಿಗೆ ಬಿಟ್ಟರೇನು ಎಂದು ನಮ್ಮ ಮಕ್ಕಳು ಹತ್ತು ದಿನದ ಮರಿಗಳನ್ನು ಬೇಸಿನ್ನಿಗೆ ಬಿಟ್ಟರು. ನಾನೂ ನಿಂತು ನೋಡಿ ನಕ್ಕೆ. ತಾಯಿಯ ಜೊತೆ ಇರುವ ಮರಿಗೆ ತಾಯಿಯ ಗರಿಯ ಎಣ್ಣೆ ಮೈಗೆ ಹತ್ತುತ್ತದೆ, ನೀರು ಅಂಟುವುದಿಲ್ಲ. ತಾಯಿ ಇಲ್ಲದ ಮರಿ ಬಟ್ಟೆಯ ಹಾಗೆ ನೆನೆಯುತ್ತದೆ. ಅವತ್ತು ರಾತ್ರಿ ಎರಡು ಮರಿ ಚಳಿಗೆ ಸತ್ತವು. ಸಣ್ಣವಳು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹಾಗಾಗಿ ಮೊದಲ ಮೂರ್ನಾಲ್ಕು ವಾರ ಕುಡಿಯಲು ಮಾತ್ರ ನೀರು, ಮೇಲೆ ಒಂದು ಬಲ್ಬು. ಮರಿ ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ ಎಂದರ್ಥ, ಮೂಲೆಗೆ ಹೋಗಿ ಏದುಸಿರು ಬಿಡುತ್ತಿದ್ದರೆ ಸೆಕೆ. ಕಾಲು ಸೊಟ್ಟಗಾಗಿ ಕುಂಟುವ ಮರಿ ಕಂಡರೆ ಪಶುವೈದ್ಯರನ್ನು ಕೇಳಿ. ಕೋಳಿಮರಿಗಿಂತ ಇವಕ್ಕೆ ನಯಾಸಿನ್ ಎಂಬ ಬಿ ವಿಟಮಿನ್ ಜಾಸ್ತಿ ಬೇಕು, ಕೋಳಿಮರಿಯ ಆಹಾರವನ್ನೇ ಹಾಕಿದರೆ ಕಡಿಮೆ ಬೀಳಬಹುದು. ಮತ್ತೆ ಕೋಳಿಯ ಹಾಗೆ ಕಾಲು ಹಿಡಿದು ಎತ್ತಬೇಡಿ. ಕಾಲು ಬಲು ನಾಜೂಕು. ರೆಕ್ಕೆ ಸಮೇತ ಮೈಯನ್ನು ಎರಡೂ ಕೈಯಲ್ಲಿ ಹಿಡಿಯಿರಿ.

ತಿನ್ನಲು ಏನು ಹಾಕುತ್ತೀರಿ ಅನ್ನುವುದಕ್ಕಿಂತ ಏನು ಹಾಕಬಾರದು ಅನ್ನುವುದು ಮುಖ್ಯ. ನಮ್ಮವು ದಿನವಿಡೀ ತೋಟ ಸುತ್ತುತ್ತವೆ. ಸಂಜೆ ನುಚ್ಚು, ತವುಡು, ಮೊಟ್ಟೆ ಕೋಳಿಯ ಆಹಾರ ಕಲಸಿ ಇಡುತ್ತೇವೆ. ಬೂಷ್ಟು ಹಿಡಿದದ್ದನ್ನು ಮಾತ್ರ ಅಪ್ಪಿತಪ್ಪಿಯೂ ಹಾಕಬೇಡಿ, ಅದರಲ್ಲೂ ಶೇಂಗಾ ಹಿಂಡಿ, ಜೋಳ. ಮಲೆನಾಡಿನ ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಹಿಂಡಿ ಚೀಲ ಬಿಡುತ್ತದಾ? ಆ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರುತ್ತದೆ. ಕೋಳಿ ಅದನ್ನು ಅಷ್ಟಿಷ್ಟು ತಡೆದುಕೊಂಡೀತು, ಬಾತುಕೋಳಿಗೆ ಆಗುವುದಿಲ್ಲ, ಲಿವರ್ ಹೋಗುತ್ತದೆ. ಈ ವಿಷ ಗೊತ್ತಾದದ್ದೇ 1960ರಲ್ಲಿ, ಇಂಗ್ಲೆಂಡಿನಲ್ಲಿ ಶೇಂಗಾ ಹಿಂಡಿ ತಿಂದ ಟರ್ಕಿ ಕೋಳಿಗಳು ರಾಶಿ ರಾಶಿ ಸತ್ತಾಗ. ಬಾತುಮರಿಗಳೂ ಸತ್ತಿದ್ದವಂತೆ. ನಾವು ಮಳೆಗಾಲದಲ್ಲಿ ವಾರಕ್ಕೆ ಬೇಕಾದಷ್ಟೇ ತಂದು ಒಲೆಯ ಮೇಲಿನ ಅಟ್ಟದಲ್ಲಿ ಇಡುತ್ತೇವೆ.

ಮೊಟ್ಟೆ ಬೆಳಗಿನ ಜಾವದಲ್ಲೇ ಇಡುತ್ತವೆ. ಒಂಬತ್ತು ಗಂಟೆಯೊಳಗೆ ಮುಗಿಯಿತು. ಅದಕ್ಕಿಂತ ಮೊದಲು ಬಾಗಿಲು ತೆಗೆದರೆ ಮೊಟ್ಟೆ ಎಲ್ಲಿ ಬೀಳುತ್ತದೋ ದೇವರಿಗೇ ಗೊತ್ತು. ಒಮ್ಮೆ ಅಡಿಕೆ ಹಾಳೆ ರಾಶಿಯ ಕೆಳಗೆ ಹನ್ನೊಂದು ಸಿಕ್ಕಿದ್ದವು, ಯಾವ ಕಾಲದವೋ! ಮೊಟ್ಟೆ ಎಪ್ಪತ್ತು ಗ್ರಾಂ ಹತ್ತಿರ ತೂಗುತ್ತದೆ, ಹಳದಿ ದೊಡ್ಡದು. ಕೇಕಿಗೆ ಇದಕ್ಕಿಂತ ಒಳ್ಳೆಯದಿಲ್ಲ. ಅರೆಬೇಯಿಸಿ ತಿನ್ನಬೇಡಿ, ಪೂರ್ತಿ ಬೇಯಲಿ. ನಮ್ಮ ಅತ್ತೆಗೆ ಇದರ ವಾಸನೆ ಆಗುವುದಿಲ್ಲ. ಅವರಿಗೆಂದೇ ನಾಲ್ಕು ನಾಟಿ ಕೋಳಿ ಇವೆ.

ಆ ನಾಟಿ ಕೋಳಿಯೇ ಬಾತುಮರಿಗೂ ತಾಯಿ. ಖಾಕಿ ಕ್ಯಾಂಪ್‌ಬೆಲ್ ಎಂಬ ತಳಿ ಮೊಟ್ಟೆಗೆ ಹೆಸರುವಾಸಿ, ಚೆನ್ನಾಗಿ ನೋಡಿಕೊಂಡರೆ ವರ್ಷಕ್ಕೆ 250ಕ್ಕೂ ಹೆಚ್ಚು. ಸುಮಾರು ನೂರಿಪ್ಪತ್ತು ವರ್ಷದ ಹಿಂದೆ ಇಂಗ್ಲೆಂಡಿನ ಅಡೆಲ್ ಕ್ಯಾಂಪ್‌ಬೆಲ್ ಎಂಬ ಹೆಂಗಸು ಮಾಡಿದ ತಳಿ. ಆದರೆ ಕಾವಿಗೆ ಕೂರುವ ಬುದ್ಧಿ ಅವಕ್ಕೆ ಇಲ್ಲವೇ ಇಲ್ಲ. ಕೋಳಿಯ ಕೆಳಗೆ ಎಂಟೋ ಹತ್ತೋ ಮೊಟ್ಟೆ ಇಟ್ಟರೆ 28 ದಿನಕ್ಕೆ ಒಡೆಯುತ್ತದೆ. ಕೋಳಿಯದ್ದಾದರೆ 21. ಆ ಹೆಚ್ಚಿನ ಒಂದು ವಾರ ಪಾಪ ಅದು ಕೂತೇ ಇರುತ್ತದೆ, ಅತ್ತೆ ದಿನಾ ಗೂಡಿನ ಹತ್ತಿರವೇ ಅಕ್ಕಿ ಹಾಕಿ ಸಮಾಧಾನ ಹೇಳುತ್ತಾರೆ. ಮರಿಗಳು ತೊಟ್ಟಿಗೆ ಇಳಿದ ದಿನ ಕೋಳಿ ಕೂಗಾಡುವುದನ್ನು ನೋಡಿ ನಾವು ನಕ್ಕರೆ ಅವರಿಗೆ ಸಿಟ್ಟು ಬರುತ್ತದೆ.

ಈಗ ಸಂಜೆಯ ಮಾತು. ಬಾತುಕೋಳಿ ಮರ ಹತ್ತುವುದಿಲ್ಲ, ಹಾರಿ ತಪ್ಪಿಸಿಕೊಳ್ಳುವುದಿಲ್ಲ, ನೆಲದ ಮೇಲೆ ಗುಂಪಾಗಿ ಕೂರುತ್ತದೆ. ಕಾಡುಬೆಕ್ಕು, ನರಿ, ಬೀದಿನಾಯಿಗೆ ಎಲೆ ಹಾಕಿ ಬಡಿಸಿದ ಹಾಗೆ. ಕೋಳಿಗಳು ಕತ್ತಲಾದರೆ ತಾವೇ ಗೂಡು ಸೇರುತ್ತವೆ, ಇವು ಬೆಳದಿಂಗಳಿದ್ದರೆ ಒಳಗೆ ಬರುವ ಮನಸ್ಸೇ ಮಾಡುವುದಿಲ್ಲ. ಮೂರನೇ ವರ್ಷ ನೆಂಟರ ಮದುವೆಗೆ ಎಲ್ಲರೂ ಹೋದೆವು. ಎಂಟು ಗಂಟೆಗೆ ಬಂದುಬಿಡುತ್ತೇವೆ ಎಂದುಕೊಂಡಿದ್ದು ಹನ್ನೊಂದಾಯಿತು. ಒಂಬತ್ತರಲ್ಲಿ ನಾಲ್ಕು ಉಳಿದಿದ್ದವು. ತೋಟದ ಕಾಲುವೆ ಉದ್ದಕ್ಕೂ ಗರಿ. ಅಂದಿನಿಂದ ನಮ್ಮ ಮನೆಯ ಲೆಕ್ಕಾಚಾರವೇ ಬೇರೆ. ಪೇಟೆಗೆ ಹೋಗುವುದು, ಆಸ್ಪತ್ರೆ, ಮಕ್ಕಳ ಶಾಲೆಯ ಕಾರ್ಯಕ್ರಮ ಯಾವುದಿದ್ದರೂ "ಆರು ಗಂಟೆಗೆ ಯಾರು?" ಎಂದು ಮೊದಲೇ ತೀರ್ಮಾನವಾಗಬೇಕು. ಹೆಚ್ಚಾಗಿ ಅತ್ತೆಯೇ. ಒಂದು ಅಡಿಕೆ ಸೋಗೆ ಹಿಡಿದು ಹಿಂದೆ ನಿಂತರೆ ಸಾಕು, ಸಾಲಾಗಿ ನಡೆಯುತ್ತವೆ. ಬಾಗಿಲಲ್ಲಿ ಎಣಿಸುವುದು ಮಗನ ಕೆಲಸ. ಹಸು ಕರೆಯಲು ಬೆಳಿಗ್ಗೆ ಹೇಗೂ ಏಳಬೇಕು, ಅದು ಕಷ್ಟವಲ್ಲ. ಸಂಜೆಯದ್ದೇ ಕಟ್ಟು. ಇಬ್ಬರೂ ಕೆಲಸಕ್ಕೆ ಹೋಗಿ ರಾತ್ರಿ ಮನೆಗೆ ಬರುವವರಾದರೆ ನಾನು ಬೇಡ ಎನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗೂಡಿಗೆ ತೆಳುವಾದ ಕೋಳಿ ಜಾಲರಿ ಬೇಡ, ನಾಯಿ ಹರಿಯುತ್ತದೆ. ಅರ್ಧ ಇಂಚಿನ ವೆಲ್ಡ್ ಜಾಲರಿ ಹಾಕಿ, ಒಂದಡಿ ಮಣ್ಣಿನೊಳಗೆ ಇಳಿಸಿ. ಮರಿ ಬೆಂಗಳೂರಿನ ಹೆಸರಘಟ್ಟದ ಕೇಂದ್ರ ಸರ್ಕಾರದ ಕೋಳಿ ಸಂಸ್ಥೆಯಲ್ಲಿ ವಿಚಾರಿಸಬಹುದು, ಮೊದಲೇ ಕೇಳಿಕೊಂಡು ಹೋಗಿ. ನಿಮಗೆ ಐದು ಹೆಣ್ಣು, ಒಂದು ಗಂಡು ಸಾಕು. ಬರೀ ಮೊಟ್ಟೆಗಾದರೆ ಗಂಡೇ ಬೇಡ. ಬೆಳೆದ ಮೇಲೆ ಗುರುತು ಸುಲಭ: ಗಟ್ಟಿಯಾಗಿ ಕ್ವಾಕ್ ಎಂದು ಊರಿಗೆ ಕೇಳುವಂತೆ ಕಿರುಚುವುದು ಹೆಣ್ಣು, ಗಂಟಲು ಕಟ್ಟಿದಂತೆ ಮಾತಾಡುವುದು ಗಂಡು, ಅದರ ಬಾಲದ ಗರಿ ಮೇಲಕ್ಕೆ ಸುರುಳಿ ಸುತ್ತಿರುತ್ತದೆ. ಮಳೆ ನಿಂತ ಮೇಲೆ, ನವೆಂಬರ್ ಹೊತ್ತಿಗೆ ಮರಿ ತನ್ನಿ. ಏಪ್ರಿಲ್ ಹೊತ್ತಿಗೆ ಮೊಟ್ಟೆ ಶುರುವಾಗುತ್ತದೆ, ಜೂನಿನ ಹುಳುವಿಗೂ ತಯಾರಾಗಿರುತ್ತವೆ. ಅಷ್ಟರೊಳಗೆ ಗೂಡಿನ ಬಾಗಿಲಿಗೆ ಒಂದು ಒಳ್ಳೆಯ ಚಿಲಕ ಹಾಕಿಸಿ.