ಪೆಟ್ರೋಲ್ ಕಾರು ಮಿಸ್ ಹೊಡೆದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು, 80,000 ಕಿ.ಮೀ. ಓಡಿದೆ. ಊರೊಳಗೆ ತೊಂದರೆಯಿಲ್ಲ. ದೇವಿಮನೆ ಘಾಟಿ ಹತ್ತುವಾಗ ಮಾತ್ರ ಜಗ್ಗುತ್ತದೆ, ಚೆಕ್ ಇಂಜಿನ್ ದೀಪ ಮಿಣುಕುತ್ತದೆ. ನಾಲ್ಕೂ ಕಾಯಿಲ್, ನಾಲ್ಕೂ ಇಂಜೆಕ್ಟರ್ ಬದಲಿಸಬೇಕು ಎಂದು ಗ್ಯಾರೇಜಿನವರು ಹೇಳುತ್ತಾರೆ. ಹೌದೇ?
– ಓದುಗರು, ಶಿರಸಿ

ಉತ್ತರ: ಕಾಯಿಲ್ ಪ್ಲಗ್ಗಿಗೆ ಕಿಡಿಯ ವೋಲ್ಟೇಜ್ ಕೊಡುತ್ತದೆ, ಇಂಜೆಕ್ಟರ್ ಪೆಟ್ರೋಲ್ ಚಿಮ್ಮಿಸುತ್ತದೆ; ಎಂಟೂ ಒಟ್ಟಿಗೆ ಕೆಡುವುದು ತೀರಾ ಅಪರೂಪ. ಮಿಸ್ ಹೊಡೆಯುತ್ತಿರುವ, ಅಂದರೆ ಆಗಾಗ ಉರಿಯದೆ ಬಿಡುವ ಸಿಲಿಂಡರ್ ಯಾವುದೆಂದು ಗೊತ್ತಾಗುವ ತನಕ ಒಂದು ಬಿಡಿಭಾಗಕ್ಕೂ ದುಡ್ಡು ಕೊಡಬೇಡಿ.

ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಗಾಳಿ ತುಂಬುತ್ತದೆ, ಒತ್ತಡ ಏರುತ್ತದೆ. ಆ ಒತ್ತಡದಲ್ಲಿ ಪ್ಲಗ್ಗಿನ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಸವೆದ ಪ್ಲಗ್ಗೋ ಸೋತ ಕಾಯಿಲ್ಲೋ ಸಪಾಟು ರಸ್ತೆಯಲ್ಲಿ ಹೇಗೋ ನಿಭಾಯಿಸಿ ಘಾಟಿಯಲ್ಲಿ ಕೈಕೊಡುವುದು ಇದಕ್ಕೇ.

ಓಬಿಡಿ ಸ್ಕ್ಯಾನರ್ (ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷ ತೋರಿಸುವ ಸಾಧನ) ಹಾಕಿ ಕೋಡ್ ಓದಿಸಿ. ಪಿ0301ರಿಂದ ಪಿ0304ರವರೆಗಿನ ಕೋಡ್‌ಗಳ ಕೊನೆಯ ಅಂಕಿಯೇ ಸಿಲಿಂಡರ್ ಸಂಖ್ಯೆ. ಪಿ0303 ಬಂತೆನ್ನಿ: 3ನೆಯ ಕಾಯಿಲ್ಲನ್ನು 2ಕ್ಕೆ, 2ರದ್ದನ್ನು 3ಕ್ಕೆ ಹಾಕಿ, ಕೋಡ್ ಅಳಿಸಿ, ಅದೇ ಏರಿನಲ್ಲಿ ಓಡಿಸಿ. ಕೋಡ್ ಪಿ0302 ಆದರೆ ಕಾಯಿಲ್ ಹೋಗಿದೆ, ಅದೊಂದನ್ನೇ ಕೊಳ್ಳಿ. ಪಿ0303 ಆಗಿಯೇ ಉಳಿದರೆ ಪ್ಲಗ್ಗನ್ನು ಹೀಗೇ ಅದಲುಬದಲು ಮಾಡಿ. ಆಗಲೂ ಜಾಗ ಬದಲಿಸದಿದ್ದರೆ ಮಾತ್ರ ಇಂಜೆಕ್ಟರ್ ಕಡೆ ನೋಡಿ. ಇಂಜೆಕ್ಟರಿನ ಎರಡು ಪಿನ್ನಿನ ನಡುವೆ ಸಾಮಾನ್ಯವಾಗಿ 12ರಿಂದ 16 ಓಮ್ ಸಿಗಬೇಕು. ಕೆಲವು ಕಾರುಗಳಲ್ಲಿ ಎರಡೆರಡು ಸಿಲಿಂಡರಿಗೆ ಒಂದೇ ಕಾಯಿಲ್ ಇರುತ್ತದೆ. ಅಲ್ಲಿ 1–4 ಅಥವಾ 2–3 ಜೋಡಿಯಾಗಿ ಮಿಸ್ ಹೊಡೆದರೆ ಅನುಮಾನ ನೇರ ಕಾಯಿಲ್ ಮೇಲೆ.

ಪ್ಲಗ್ ಬಿಚ್ಚುವುದು ಇಂಜಿನ್ ಪೂರ್ತಿ ತಣಿದ ಮೇಲೆ, ಅದೂ ಪ್ಲಗ್ ಕೂತಿರುವ ಗುಂಡಿಯ ಧೂಳನ್ನು ಗಾಳಿ ಹೊಡೆದು ತೆಗೆದ ಮೇಲೆ. ಗುಂಡಿಯಲ್ಲಿ ಆಯಿಲ್ ನಿಂತಿದ್ದರೆ ವಾಲ್ವ್ ಕವರಿನ ಸೀಲ್ ಬದಲಿಸಿ. ಇಲ್ಲದಿದ್ದರೆ ಹೊಸ ಕಾಯಿಲ್ಲಿನ ರಬ್ಬರೂ ಕೆಡುತ್ತದೆ. ಪಿಂಗಾಣಿಯ ಮೇಲೆ ಪೆನ್ಸಿಲ್ ಗೆರೆಯಂಥ ಕಪ್ಪು ಗೀರು ಕಂಡರೆ ಕಿಡಿ ಹೊರಗಿಂದಲೇ ಹಾರುತ್ತಿದೆ ಎಂದು ತಿಳಿಯಿರಿ. ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಸರಿ. ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚಾಗಿದೆ. ಉಳಿದ ಮೂರಕ್ಕಿಂತ ಒಂದೇ ಪ್ಲಗ್ ತೊಳೆದಂತೆ ಬೆಳ್ಳಗಿದ್ದರೆ ಕೂಲೆಂಟ್ ಒಳಗೆ ಸೋರುತ್ತಿರಬಹುದು, ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಿ. ಹೊಸ ಪ್ಲಗ್ಗನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ, ಆಮೇಲೆ ಟಾರ್ಕ್ ವ್ರೆಂಚ್: 14 ಮಿ.ಮೀ. ಥ್ರೆಡ್‌ಗೆ ಸುಮಾರು 25 ನ್ಯೂಟನ್ ಮೀಟರ್, 12 ಮಿ.ಮೀ.ಗೆ 15ರಿಂದ 20. ಅಲ್ಯೂಮಿನಿಯಂ ಹೆಡ್ಡಿನ ಥ್ರೆಡ್ ಹೋದರೆ ಖರ್ಚು ಪ್ಲಗ್ಗಿನದಲ್ಲ.

ಇಂಜಿನ್ ಓಡುತ್ತಿರುವಾಗ ಕಾಯಿಲ್ ಎತ್ತಿ ನೋಡುವ ಹಳೆಯ ಅಭ್ಯಾಸ ಈಗ ಬೇಡ; ಶಾಕ್ ಜೊತೆಗೆ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಸುಡುವ ಅಪಾಯವಿದೆ. ದೀಪ ಮಿಣುಕಿದರೆ ಆಕ್ಸಿಲರೇಟರ್ ಸಡಿಲಿಸಿ. ಉರಿಯದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿನಲ್ಲಿ ಉರಿದು ಅದರ ಒಳಗಿನ ಜೇನುಗೂಡನ್ನು ಕರಗಿಸುತ್ತದೆ. ಅದರ ಬೆಲೆಯ ಮುಂದೆ ಕಾಯಿಲ್ ಚಿಲ್ಲರೆ.

ಪ್ರಶ್ನೆ: ನಿಂತಾಗ ಮಾತ್ರ ನಡುಗುತ್ತದೆ, ಓಡುವಾಗ ಸರಿಯಿದೆ. ಪಿ0300 ಮತ್ತು ಪಿ0171 ಬಂದಿವೆ. ಪ್ಲಗ್, ಕಾಯಿಲ್ ಹೊಸದು.
– ಓದುಗರು, ಹುಬ್ಬಳ್ಳಿ

ಉತ್ತರ: ನಿಮ್ಮದು ಮೇಲಿನದಕ್ಕೆ ತದ್ವಿರುದ್ಧ. ಪಿ0300 ಎಂದರೆ ಯಾವುದೋ ಒಂದಲ್ಲ, ಹಲವು ಸಿಲಿಂಡರ್ ಮಿಸ್ ಹೊಡೆಯುತ್ತಿವೆ. ಪಿ0171 ಎಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಸ್ಕ್ಯಾನರಿನಲ್ಲಿ ಫ್ಯೂಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ) ತೆರೆದು ಶಾರ್ಟ್ ಮತ್ತು ಲಾಂಗ್ ಎರಡನ್ನೂ ಕೂಡಿಸಿ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಾಗ, +20ರ ಆಸುಪಾಸಿದ್ದದ್ದು 2,500 ಆರ್‌ಪಿಎಂನಲ್ಲಿ +5ಕ್ಕೆ ಇಳಿದರೆ ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಇಂಜಿನ್ ಹೆಚ್ಚು ಗಾಳಿ ಎಳೆಯುವಾಗ ಅದೇ ತೂತಿನ ಪಾಲು ಸಣ್ಣದಾಗುತ್ತದೆ, ಅಷ್ಟೇ. ಪಿಸಿವಿ ಹೋಸ್ (ಇಂಜಿನ್ ಒಳಗಿನ ಆವಿಯನ್ನು ಇನ್‌ಟೇಕ್‌ಗೆ ಒಯ್ಯುವ ಕೊಳವೆ), ಬ್ರೇಕ್ ಬೂಸ್ಟರ್ ಹೋಸ್, ಇನ್‌ಟೇಕ್ ಗ್ಯಾಸ್ಕೆಟ್ ನೋಡಿ. ಬಿಸಿ ಇಂಜಿನ್ ಮೇಲೆ ಕಾರ್ಬ್ ಕ್ಲೀನರ್ ಸಿಂಪಡಿಸಿ ಹುಡುಕುವವರಿದ್ದಾರೆ; ಬೆಂಕಿಯ ಆಟ ಅದು, ಹೊಗೆ ಬಿಟ್ಟು ಸೋರಿಕೆ ಹುಡುಕುವ ಸ್ಮೋಕ್ ಟೆಸ್ಟ್ ಮಾಡಿಸಿ. ಟ್ರಿಮ್ ಐಡಲ್‌ನಲ್ಲಲ್ಲದೆ ಹೆಚ್ಚು ಆರ್‌ಪಿಎಂನಲ್ಲೇ ಏರಿದರೆ ಫ್ಯೂಯಲ್ ಪಂಪ್ ಅಥವಾ ಫಿಲ್ಟರ್ ಕಡೆ ಹೋಗಿ.

ಪ್ರಶ್ನೆ: ಪೆಟ್ರೋಲಿನಲ್ಲಿ ಪರವಾಗಿಲ್ಲ, ಸಿಎನ್‌ಜಿಗೆ ಬದಲಿಸಿದರೆ ಮಿಸ್ಸಿಂಗ್. ಬೆಳಗ್ಗೆ ಸ್ಟಾರ್ಟ್ ಆಗುವುದೂ ಕಷ್ಟ.
– ಓದುಗರು, ಬೆಂಗಳೂರು

ಉತ್ತರ: ಸಿಎನ್‌ಜಿ ಹೊತ್ತಿಸಲು ಹೆಚ್ಚು ವೋಲ್ಟೇಜ್ ಬೇಕು, ಹಾಗಾಗಿ ಪ್ಲಗ್ಗಿನ ದೌರ್ಬಲ್ಯ ಮೊದಲು ಅಲ್ಲೇ ಬಯಲಾಗುತ್ತದೆ. ಹೊರಗಿನಿಂದ ಕಿಟ್ ಹಾಕಿಸಿದ್ದರೆ ಗ್ಯಾಪ್ 0.7ರಿಂದ 0.8 ಮಿ.ಮೀ. ಇರಲಿ, ಕಂಪನಿಯ ಕಿಟ್ ಆದರೆ ಕೈಪಿಡಿಯ ಅಳತೆಯೇ ಅಂತಿಮ. ಇರಿಡಿಯಂ ಪ್ಲಗ್ಗಿನ ನಡುವಿನ ತಂತಿಗೆ ಗೇಜ್ ತುರುಕಿ ಒತ್ತಬೇಡಿ, ಮುರಿಯುತ್ತದೆ.

ಬೆಳಗಿನ ತಕರಾರು ಬೇರೆ ಕಥೆ ಹೇಳುತ್ತಿದೆ. ಸಿಎನ್‌ಜಿಯಲ್ಲಿ ಬಹಳ ಓಡಿದ ಇಂಜಿನ್ನಿನಲ್ಲಿ ವಾಲ್ವ್ ಸೀಟ್ ಸವೆದು ಕ್ಲಿಯರೆನ್ಸ್ (ವಾಲ್ವ್ ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಂದು) ಕಡಿಮೆಯಾಗುತ್ತದೆ, ವಾಲ್ವ್ ಪೂರ್ತಿ ಮುಚ್ಚುವುದಿಲ್ಲ. ಬಿಗಿಯಾದ ವಾಲ್ವ್ ಟಕಟಕ ಸದ್ದನ್ನೂ ಮಾಡದು, ಅದಕ್ಕೇ ಯಾರ ಗಮನಕ್ಕೂ ಬರುವುದಿಲ್ಲ. ಸಿಲಿಂಡರಿನ ಒತ್ತಡ ಅಳೆಯುವ ಕಂಪ್ರೆಶನ್ ಟೆಸ್ಟ್ ಮಾಡಿಸಿ: ಎಲ್ಲ ಪ್ಲಗ್ ಬಿಚ್ಚಿ, ಇಂಜೆಕ್ಟರ್ ಮತ್ತು ಕಾಯಿಲ್ ಕನೆಕ್ಟರ್ ಕಳಚಿ, ಥ್ರಾಟಲ್ ಪೂರ್ತಿ ತೆರೆದು, ಐದಾರು ಸುತ್ತು ಕ್ರ್ಯಾಂಕ್. ಆರೋಗ್ಯವಂತ ಇಂಜಿನ್ 170ರಿಂದ 200 ಪಿಎಸ್‌ಐ ತೋರಿಸುತ್ತದೆ. ಅದಕ್ಕಿಂತ ಮುಖ್ಯವಾದದ್ದು ಸಿಲಿಂಡರುಗಳ ನಡುವಿನ ಅಂತರ, ಅದು ಶೇ 15 ಮೀರಬಾರದು. ಕಡಿಮೆ ಇರುವ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ಪಿಸ್ಟನ್ ರಿಂಗ್, ಏರದಿದ್ದರೆ ವಾಲ್ವ್.

ಪ್ರಶ್ನೆ: ಮಳೆಯ ದಿನ ಪೆಟ್ರೋಲ್ ಹಾಕಿಸಿದೆ. ಮೂರು ಕಿ.ಮೀ. ಹೋಗುವಷ್ಟರಲ್ಲಿ ಮಿಸ್ ಹೊಡೆದು ನಿಂತಿತು.
– ಓದುಗರು, ತೀರ್ಥಹಳ್ಳಿ

ಉತ್ತರ: ಮತ್ತೆ ಮತ್ತೆ ಸ್ಟಾರ್ಟ್ ಮಾಡಬೇಡಿ. ಎಥನಾಲ್ ಬೆರೆತ ಪೆಟ್ರೋಲಿಗೆ ನೀರು ಸೇರಿದರೆ ಒಂದು ಮಿತಿಯ ನಂತರ ನೀರೂ ಎಥನಾಲೂ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಪಂಪ್ ಹೀರುವುದು ತಳದಿಂದಲೇ. ಟ್ಯಾಂಕಿನ ತಳದಿಂದ ಅರ್ಧ ಲೀಟರ್ ತೆಗೆಸಿ ಗಾಜಿನ ಬಾಟಲಿಯಲ್ಲಿ ಹತ್ತು ನಿಮಿಷ ಇಡಿ. ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿಸಬೇಕು, ಬಾಟಲಿಯಲ್ಲಿ ಬರುವ ಯಾವ ಔಷಧವೂ ಅಷ್ಟು ನೀರಿಗೆ ಸಾಲದು. ಆ ಮಾದರಿಯನ್ನು ಬಿಗಿಯಾಗಿ ಮುಚ್ಚಿ, ಬಂಕಿನ ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ದೂರು ಕೊಡುವಾಗ ಎರಡೂ ಬೇಕಾಗುತ್ತವೆ.